ವರ್ಷಕ್ಕೆರಡು ಹೆಸರು

ಸಂತಾಪ ಸಭೆಯಲ್ಲಿ ಐದು ಜನ ಮಾತಾಡಿದರು. ಐವರೂ ಹೇಳಿದ್ದು ಒಂದೇ ಮಾತು: "ಅವರು ಜನ್ಮದಲ್ಲಿ ಒಂದು ಲೆಕ್ಕ ತಪ್ಪಿದವರಲ್ಲ." ಕಾಲೇಜಿನ ದಿನಗಳನ್ನೆಲ್ಲ ಚರ್ಚಾಸ್ಪರ್ಧೆಗಳಲ್ಲಿ ಕಳೆದವಳು ನಾನು. ಐದು ಜನ ಒಂದೇ ಮಾತು ಹೇಳಿದರೆ ಆರನೆಯವಳಾಗಿ ಎದ್ದು ತಕರಾರು ತೆಗೆಯುವುದು ಹಳೆಯ ಚಟ. ಆ ದಿನ ಏಳಲಿಲ್ಲ. ಅವರು ಹೇಳಿದ್ದು ನಿಜ ಅಂತ ಅಲ್ಲಿದ್ದ ಎಲ್ಲರಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು. ತೊಂದರೆ ಅದೇ.

ತೀರಿಕೊಂಡವರು ನಮ್ಮ ಸಂಸ್ಥೆಯ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದವರು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಬಾಲವಾಡಿ ನಡೆಸುವ ಧರ್ಮಾರ್ಥ ಸಂಸ್ಥೆ ನಮ್ಮದು. ಕಚೇರಿ ಕೋಲಾರದ ಒಂದು ಹಳೆಯ ಮನೆಯಲ್ಲಿ. ಎಲ್ಲರೂ ಅವರನ್ನು ರಾಯರು ಅನ್ನುತ್ತಿದ್ದರು. ದಿನಾ ಬೆಳಿಗ್ಗೆ ಮುಳಬಾಗಿಲಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಹೆಗಲಿಗೆ ರೆಕ್ಸಿನ್ ಚೀಲ. ಅದರಲ್ಲಿ ಊಟದ ಡಬ್ಬಿ, ನೀರಿನ ಬಾಟಲಿ ಮತ್ತು ಗಾಳಿ ತುಂಬಿಸುವ ಒಂದು ರಬ್ಬರ್ ಚಕ್ರ. ಮೂಲವ್ಯಾಧಿಯಿತ್ತು. ಚಕ್ರಕ್ಕೆ ಬಾಯಿಂದ ಗಾಳಿ ಊದಿ, ಕುರ್ಚಿಯ ಮೇಲಿಟ್ಟು, ಅದರ ಮೇಲೆ ನಿಧಾನವಾಗಿ ಕುಳಿತು, ಕನ್ನಡಕ ತೆಗೆದು, ಎರಡು ಬೆರಳಿಂದ ಕಣ್ಣೊತ್ತಿಕೊಂಡು "ಹೂಂ, ಹೇಳಿ" ಅಂದರೆ ಕಚೇರಿ ಶುರುವಾಯಿತು ಅಂತ ಅರ್ಥ. ಬೆಳಿಗ್ಗೆ ಹತ್ತು ಗಂಟೆಯ ಆ ಮಾತಿನಲ್ಲಿ ಸಂಜೆ ಆರರ ಸುಸ್ತು ಇರುತ್ತಿತ್ತು.

ನಾನು ಸೇರಿದ್ದು ತೊಂಬತ್ತೇಳರಲ್ಲಿ, ಬಿ.ಎ. ಮುಗಿಸಿದ ಬಿಸಿಯಲ್ಲಿ, ಅವರಿಗೆ ಸಹಾಯಕಿಯಾಗಿ. ಮೊದಲ ವಾರವೇ ಜಗಳ ತೆಗೆದೆ. ಅವರು ಅಂಕಿ ತಪ್ಪಾದರೆ ಬಿಳಿ ಇಂಕು ಹಚ್ಚುತ್ತಿರಲಿಲ್ಲ. ಒಂದು ಗೀಟು ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಣ್ಣದಾಗಿ ಸಹಿ ಹಾಕುತ್ತಿದ್ದರು.

"ಬಿಳಿ ಇಂಕು ತರಿಸೋಣ ಸಾರ್. ತಪ್ಪು ಕಾಣ್ಸಲ್ಲ."

"ಅದಕ್ಕೇ ಬೇಡ."

"ತಪ್ಪನ್ನ ಇಟ್ಕೊಂಡು ಏನು ಪ್ರಯೋಜನ?"

"ಲಾಯರಮ್ಮ," ಅಂದರು, ಆ ಹೆಸರು ಆವತ್ತಿನಿಂದ ನನಗೆ ಅಂಟಿಕೊಂಡಿತು, "ಯಾರೋ ಒಬ್ರು ಇಲ್ಲಿ ಎಡವಿದ್ರು ಅಂತ ಗೊತ್ತಾದ್ರೆ ಮುಂದಿನವರು ನೋಡ್ಕೊಂಡು ಹೆಜ್ಜೆ ಇಡ್ತಾರೆ. ಹಳ್ಳ ಮುಚ್ಚಿ ಮೇಲೆ ಚಾಪೆ ಹಾಸಿದ್ರೆ ಹೆಂಗೆ?"

ಉತ್ತರ ಹೊಳೆಯದಿದ್ದಾಗ ಎದುರಾಳಿಯ ಮೇಲೆ ಕೋಪ ಬರುತ್ತದೆ, ಬಂತು.

ಏಪ್ರಿಲ್ ಅವರ ತಿಂಗಳು. ಭವಿಷ್ಯನಿಧಿಯ, ಅಂದರೆ ಎಲ್ಲರ ಬಾಯಲ್ಲಿ ಪಿ.ಎಫ್.ನ, ವಾರ್ಷಿಕ ವಿವರಪಟ್ಟಿಯನ್ನು ಆ ತಿಂಗಳ ಕೊನೆಯೊಳಗೆ ಸಲ್ಲಿಸಬೇಕು. ಒಬ್ಬೊಬ್ಬ ನೌಕರರಿಗೂ ಒಂದೊಂದು ಹಾಳೆ: ಹನ್ನೆರಡು ತಿಂಗಳು ಅವರ ಸಂಬಳದಿಂದ ಹಿಡಿದದ್ದು ಎಷ್ಟು, ಸಂಸ್ಥೆ ಸೇರಿಸಿದ್ದು ಎಷ್ಟು, ಅದರಲ್ಲಿ ಪಿಂಚಣಿಗೆ ಹೋದದ್ದು ಎಷ್ಟು. ಆಮೇಲೆ ಎಲ್ಲರನ್ನೂ ಒಂದೇ ಕಡೆ ಸಾಲಾಗಿ ಬರೆದ ಒಂದು ದೊಡ್ಡ ಪಟ್ಟಿ. ಅದರ ಮೊತ್ತ ಬ್ಯಾಂಕಿಗೆ ಕಟ್ಟಿದ ಹನ್ನೆರಡು ಚಲನ್‌ಗಳಿಗೆ ತಾಳೆಯಾಗಬೇಕು. ತಾಳೆಯಾದ ಮೇಲೆ ಅವರು ಇನ್ನೊಂದು ಪರೀಕ್ಷೆ ಮಾಡುತ್ತಿದ್ದರು. ಅದನ್ನು ಯಾವ ಕಾನೂನೂ ಕೇಳಿರಲಿಲ್ಲ. ಮರದ ಸ್ಕೇಲನ್ನು ದೊಡ್ಡ ಪಟ್ಟಿಯ ಹೆಸರಿನ ಕಲಮಿನ ಮೇಲೆ ನೆಟ್ಟಗೆ ಇಟ್ಟು, ಹೆಸರುಗಳನ್ನೆಲ್ಲ ಮುಚ್ಚಿ, ಬರೀ ಅಂಕಿಗಳನ್ನು ತೋರಿಸಿ ಕೇಳುತ್ತಿದ್ದರು:

"ಇದರಲ್ಲಿ ಡ್ರೈವರು ಯಾರು, ದೊಡ್ಡೋರು ಯಾರು, ಹೇಳಿ."

"ಸಂಬಳ ಜಾಸ್ತಿ ಇರೋರು ದೊಡ್ಡೋರು."

"ಸಂಬಳದ ಕಲಮು ಬಿಡಿ. ಸಂಬಳಕ್ಕೆ ತಕ್ಕ ಪಾಲು ನೋಡಿ. ಪಾಲು ನೋಡಿ ಗೊತ್ತಾಗ್ಬಾರ್ದು. ಗೊತ್ತಾದ್ರೆ ಎಲ್ಲೋ ಕೆಟ್ಟಿದೆ ಅಂತ."

ಆ ವರ್ಷ ಗೊತ್ತಾಯಿತು. ಒಂದು ಸಾಲಿನಲ್ಲಿ ಮಾತ್ರ ಸಂಸ್ಥೆಯ ಪಾಲನ್ನು ಪೂರ್ತಿ ಸಂಬಳದ ಮೇಲೆ ಹಾಕಲಾಗಿತ್ತು. ಮಿಕ್ಕವರಿಗೆಲ್ಲ ಮೂಲವೇತನದ ಮೇಲೆ. ಅವರು ಪಟ್ಟಿಯನ್ನೂ ಸ್ಕೇಲನ್ನೂ ಹಿಡಿದುಕೊಂಡು ಕಾರ್ಯದರ್ಶಿಗಳ ಕೋಣೆಗೆ ಹೋದರು. ನಾನೂ ಹಿಂದೆ ಹೋದೆ. ನಮ್ಮ ಕಾರ್ಯದರ್ಶಿಗಳು ಸಂಬಳ ಪಡೆಯುವವರು. ಕೆಟ್ಟವರಲ್ಲ, ಆದರೆ ಸಂಸ್ಥೆಯ ಒಂದೊಂದು ರೂಪಾಯಿಗೂ ಬಾಗಿಲು ಕಾಯುವಂಥ ಜನ.

"ಸಾರ್, ಈ ಸಾಲು ಯಾರದು ಹೇಳ್ತೀರಾ?"

ಕಾರ್ಯದರ್ಶಿಗಳು ಬಗ್ಗಿ ನೋಡಿ ಹೇಳಿದರು, "ಇದು ನಂದಲ್ವೇನ್ರೀ?"

"ಹೆಂಗೆ ಗೊತ್ತಾಯ್ತು ಸಾರ್?"

ಕಾರ್ಯದರ್ಶಿಗಳ ಕಿವಿ ಕೆಂಪಾಯಿತು. ಮುಂದಿನ ತಿಂಗಳಿನಿಂದ ಅವರ ಪಾಲೂ ಮೂಲವೇತನದ ಮೇಲೇ ಲೆಕ್ಕವಾಯಿತು. ನಾನು ಗೆದ್ದವಳ ಹಾಗೆ ಕುಣಿದೆ. ರಾಯರು ಕಣ್ಣೊತ್ತಿಕೊಂಡರು.

"ನೋಡ್ಕೊಳ್ಳಿ ಲಾಯರಮ್ಮ. ಮೇಲಿದ್ದೋರು ಕೆಳಗಿಳಿದ್ರು. ಕೆಳಗಿದ್ದೋರು ಯಾರೂ ಮೇಲೆ ಹೋಗ್ಲಿಲ್ಲ. ಸಮ ಮಾಡಿ ಅಂದ್ರೆ ಸಮ ಮಾಡೋದು ಹಿಂಗೇ."

ಆ ಮಾತನ್ನು ನಾನು ಆಗ ಕೇಳಿಸಿಕೊಂಡೆ, ಅಷ್ಟೆ.

ಸ್ಕೇಲಿನ ಪರೀಕ್ಷೆಗೆ ಒಂದು ಮಿತಿಯಿತ್ತು. ಪಟ್ಟಿಯಲ್ಲಿ ಇದ್ದವರನ್ನು ಮಾತ್ರ ಅದು ಅಳೆಯುತ್ತಿತ್ತು. ಬಾಲವಾಡಿಯ ಶಿಕ್ಷಕಿಯರು, ಡ್ರೈವರು, ಕಚೇರಿಯವರು ಪಟ್ಟಿಯಲ್ಲಿದ್ದರು. ಮಕ್ಕಳಿಗೆ ಅಡುಗೆ ಮಾಡಿ, ಮೂಗು ಒರೆಸಿ, ಕಸ ಗುಡಿಸುವ ಆಯಮ್ಮಂದಿರು ಇರಲಿಲ್ಲ. ಸಂಸ್ಥೆಯ ಪ್ರಕಾರ ಅವರು ನೌಕರರಲ್ಲ, 'ಸೇವಾಕರ್ತೆಯರು'. ಅವರಿಗೆ ಕೊಡುವುದು ಸಂಬಳವಲ್ಲ, 'ಗೌರವಧನ'. ಗೌರವಕ್ಕೆ ಪಿ.ಎಫ್. ಇರುವುದಿಲ್ಲವಲ್ಲ.

ಹೀಗಾಗಿ ಇನ್ನೊಂದು ಪದ್ಧತಿ ಬೆಳೆದಿತ್ತು. ಏಪ್ರಿಲ್ ಕೊನೆಯಲ್ಲಿ ವಿವರಪಟ್ಟಿಗೆ ಸಹಿ ಹಾಕಿಸಲು ಹೋದಾಗ ರಾಯರು ಕೊನೆಯ ಹಾಳೆಯ ಮೇಲೆ ಅಂಗೈ ಇಟ್ಟುಕೊಂಡು ನಿಲ್ಲುತ್ತಿದ್ದರು.

"ಎರಡು ಹೆಸರು, ಸಾರ್."

"ಹೋದ ವರ್ಷ ತಾನೇ ಕೊಟ್ನಲ್ರೀ?"

"ಅದು ಹೋದ ವರ್ಷದ್ದು."

ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದರು, ಕ್ಯಾಲೆಂಡರು ನೋಡುತ್ತಿದ್ದರು, ಕೊನೆಗೆ "ಹಾಳಾಗ್ಲಿ, ತನ್ನಿ" ಅನ್ನುತ್ತಿದ್ದರು. ಅಲ್ಲಿಗೆ ಇಬ್ಬರು ಆಯಮ್ಮಂದಿರಿಗೆ ನೇಮಕದ ಪತ್ರ ಆಗುತ್ತಿತ್ತು, ಅವರ ಗೌರವಧನ ಸಂಬಳವಾಗುತ್ತಿತ್ತು, ಮುಂದಿನ ವರ್ಷದ ಪಟ್ಟಿಯಲ್ಲಿ ಅವರದೂ ಒಂದು ಸಾಲು ಇರುತ್ತಿತ್ತು. ಪಿಂಚಣಿ ಯೋಜನೆ ಬಂದಾಗಿನಿಂದ ವರ್ಷಕ್ಕೆರಡು ಹೆಸರು. ಹೆಚ್ಚಿಲ್ಲ, ಕಡಿಮೆಯಿಲ್ಲ.

ನಾನು ಸುಮ್ಮನಿರುವವಳೇ? "ಸಾರ್, ಕಾನೂನಿನ ಪ್ರಕಾರ ಎಲ್ಲರನ್ನೂ ಸೇರಿಸ್ಬೇಕು. ನೀವು ಇಬ್ಬಿಬ್ಬರನ್ನ ಭಿಕ್ಷೆ ಬೇಡೋದು ಯಾಕೆ? ಪಿ.ಎಫ್. ಕಚೇರಿಗೆ ಒಂದು ದೂರು ಕೊಟ್ರೆ ಮುಗೀತು."

"ಕೊಡಿ. ದೂರು ಕೊಟ್ಟ ಮಾರನೇ ದಿನ 'ನಾವು ಭಕ್ತಿಯಿಂದ ಸೇವೆ ಮಾಡ್ತಾ ಇದ್ದೀವಿ, ನಮಗೇನೂ ಬೇಡ' ಅಂತ ಅಷ್ಟೂ ಜನ ಹೆಬ್ಬೆಟ್ಟು ಒತ್ತಿರ್ತಾರೆ. ಒತ್ತದವರಿಗೆ ಅದರ ಮಾರನೇ ದಿನ ಕೆಲಸ ಇರಲ್ಲ. ಹೆಬ್ಬೆಟ್ಟು ಒತ್ತಿಸ್ಕೊಳ್ಳೋ ಪ್ಯಾಡು ಯಾರ ಟೇಬಲ್ ಮೇಲಿದೆ?"

ನೋಡಿದೆ. "ನಿಮ್ಮದರ ಮೇಲೆ."

"ಹೂಂ," ಅಂದರು. ಅಷ್ಟೆ ಅಂದದ್ದು.

ಅವರನ್ನು ದೇವರು ಮಾಡಲು ಹೊರಟವರಿಗೆ ನಾನು ಈ 'ಹೂಂ' ಅನ್ನು ನೆನಪಿಸುತ್ತೇನೆ. ಗೌರವಧನದ ರಸೀದಿಗಳಿಗೆ ತಿಂಗಳಾ ತಿಂಗಳು ಹೆಬ್ಬೆಟ್ಟು ತೆಗೆದುಕೊಳ್ಳುತ್ತಿದ್ದವರು ಅವರೇ. ಅದು ಅವರಿಗೆ ಗೊತ್ತಿತ್ತು. ಗೊತ್ತಿದ್ದದ್ದೇ ಆ ಸುಸ್ತಿಗೆ ಕಾರಣವೋ ಏನೋ.

ಪಿ.ಎಫ್. ಕಚೇರಿಯಿಂದ ವರ್ಷದ ಚೀಟಿಗಳು ಬಂದಾಗ ಅವರು ಅಂಚೆಯಲ್ಲಿ ಹಂಚುತ್ತಿರಲಿಲ್ಲ. ಹಳ್ಳಿ ಹಳ್ಳಿಗೆ ಬಸ್ಸಿನಲ್ಲಿ ತಾವೇ ಹೋಗಿ, ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು, ಹೊಸದಾಗಿ ಸೇರಿದ ಆಯಮ್ಮನಿಗೆ ಅವಳ ಚೀಟಿ ಓದಿ ಹೇಳುತ್ತಿದ್ದರು. ಒಂದೆರಡು ಸಲ ನಾನೂ ಜೊತೆಗೆ ಹೋಗಿದ್ದೆ. ಮಾಲೂರಿನ ಹತ್ತಿರದ ಒಬ್ಬಳು ಕೇಳಿಸಿಕೊಂಡು ಕೇಳಿದಳು:

"ಸ್ವಾಮಿ, ಅಷ್ಟೊಂದು ಐತಲ್ಲ, ಅದ್ರಾಗೆ ಒಂದು ಸೀರೆ ದುಡ್ಡು ಕೊಟ್ಬುಡಿ."

"ಕೊಡಲ್ಲ."

"ನಂದೇ ಅಲ್ವಾ?"

"ನಿಮ್ಮದೇ. ಅದಕ್ಕೇ ನಿಮಗೆ ಕೊಡಲ್ಲ. ನಿಮ್ಮ ಯಜಮಾನ್ರು ಬಂದು ಕೇಳಿದ್ರೂ ಕೊಡಲ್ಲ."

"ಅವ್ನಿಗಂತೂ ಕೊಡ್ಬೇಡಿ," ಅಂತ ಆಕೆ ಗಾಬರಿಯಾಗಿ ಚೀಟಿಯನ್ನು ರವಿಕೆಯೊಳಗೆ ಸೇರಿಸಿಕೊಂಡಳು.

ಆಂಧ್ರದ ಗಡಿಗೆ ಹತ್ತಿರದ ಗೌನಿಪಲ್ಲಿಯಲ್ಲಿ ಮುನಿವೆಂಕಟಮ್ಮ ಇದ್ದರು. ಬಾಲವಾಡಿ ಶುರುವಾದಾಗಿನಿಂದ ಅಲ್ಲಿನ ಅಡುಗೆ ಅವರದು. ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಪ್ರತಿ ಸಲವೂ ರಾಯರಿಗೆ ಸಾರನ್ನ ಬಡಿಸಿ, ಎದುರಿಗೆ ನಿಂತು ಒಂದೇ ಪ್ರಶ್ನೆ ಕೇಳುತ್ತಿದ್ದರು.

"ರಾಯರೇ, ನನ್ನ ಹೆಸರು?"

"ಬರುತ್ತೆ ಮುನಿವೆಂಕಟಮ್ಮ. ಸರದಿ ಇದೆ."

"ಸರದಿನೇನಾ, ರೇಷನ್ ಅಂಗಡಿ ಕ್ಯೂನಾ? ಸೀಮೆಎಣ್ಣೆ ಮುಗ್ದೋಯ್ತು ಅಂತ ಕೊನೆಗೆ ಹೇಳ್ಬೇಡಿ ನಾಯನಾ."

ರಾಯರು ನಗುತ್ತಿದ್ದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಆ ಅಡುಗೆಮನೆಯಲ್ಲಿ ಮಾತ್ರ.

ಆ ಸರದಿ ಯಾವುದು ಅನ್ನುವುದೇ ನನ್ನ ತಲೆ ಕೊರೆಯತೊಡಗಿದ್ದು. ಸೇವೆ ಹಳೆಯದಾದಂತೆ ಅಂದರೆ, ಅಲ್ಲ. ಮುನಿವೆಂಕಟಮ್ಮನವರಿಗಿಂತ ಎಷ್ಟೋ ಆಮೇಲೆ ಬಂದವರ ಹೆಸರು ಆಗಲೇ ಸೇರಿತ್ತು. ಅಕ್ಷರ ಬಲ್ಲವರು ಅಂದರೆ, ಅದೂ ಅಲ್ಲ. ತೊಂಬತ್ತೆಂಟರ ಏಪ್ರಿಲ್‌ನಲ್ಲಿ ಸೇರಿದ ಇಬ್ಬರೂ ಮುಳಬಾಗಿಲು ತಾಲ್ಲೂಕಿನವರು. ರಾಯರ ಊರು ಮುಳಬಾಗಿಲು. ನನಗೆ ಬೇಕಾದದ್ದು ಸಿಕ್ಕಿತು ಅಂದುಕೊಂಡೆ.

"ಯಾಕೆ ಇವರಿಬ್ಬರೇ, ಸಾರ್?"

"ಅವರ ಸರದಿ."

"ಸರದಿಗೆ ನಿಯಮ ಏನು? ನಿಯಮ ಇಲ್ದಿದ್ರೆ ಅದು ಸರದಿಯಲ್ಲ, ಮರ್ಜಿ. ಆಳುಗಳನ್ನ ಆರಿಸೋ ಹಕ್ಕು ನಿಮಗ್ಯಾರು ಕೊಟ್ಟಿದ್ದು?"

ಅವರು ಕನ್ನಡಕ ತೆಗೆದರು, ಕಣ್ಣೊತ್ತಿಕೊಂಡರು, ಮತ್ತೆ ಹಾಕಿಕೊಂಡರು. "ಊಟದ ಹೊತ್ತಾಯ್ತು," ಅಂದು ಡಬ್ಬಿ ಬಿಚ್ಚಿದರು. ಎದುರಾಳಿ ಉತ್ತರ ಕೊಡದಿದ್ದರೆ ಅಂಕ ನಮಗೆ; ಚರ್ಚೆಯ ನಿಯಮ ಹಾಗೆ.

ಮುಂದಿನ ಮಾರ್ಚಿನಲ್ಲಿ ಆಡಳಿತ ಮಂಡಳಿಯ ಸಭೆ. ನಡಾವಳಿ ಬರೆಯಲು ನಾನು ಹೋಗಿದ್ದೆ. ಕೊನೆಯಲ್ಲಿ, 'ಇತರೆ ವಿಷಯ' ಬಂದಾಗ, ಅಪ್ಪಣೆ ಕೇಳಿ ಎದ್ದುನಿಂತೆ. ರಾಯರ ಸ್ಕೇಲನ್ನು ನಾನು ಅವರಿಗೆ ಹೇಳದೆ ಚೀಲದಲ್ಲಿಟ್ಟುಕೊಂಡು ಹೋಗಿದ್ದೆ. ಆಯಮ್ಮಂದಿರೆಲ್ಲರ ಪಟ್ಟಿಯನ್ನು ಮೇಜಿನ ಮೇಲೆ ಹರಡಿ, ಹೆಸರುಗಳ ಮೇಲೆ ಸ್ಕೇಲಿಟ್ಟೆ.

"ಒಂದೇ ಕೆಲಸ, ಒಂದೇ ಗಂಟೆಗಳು, ಹೆಚ್ಚುಕಡಿಮೆ ಒಂದೇ ದುಡ್ಡು. ಇವಳಿಗೆ ಪಿ.ಎಫ್. ಇದೆ, ಇವಳಿಗಿಲ್ಲ. ಇವಳಿಗಿದೆ, ಇವಳಿಗಿಲ್ಲ. ಯಾವ ನಿಯಮದಿಂದ ಅಂತ ಈ ಸಭೆಯಲ್ಲಿ ಯಾರಾದರೂ ಹೇಳಬಲ್ಲಿರಾ? ನಿಯಮವಿಲ್ಲದೆ ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಬಿಟ್ಟರೆ ಅದಕ್ಕೇನು ಹೆಸರು?"

ಚೆನ್ನಾಗಿ ಮಾತಾಡಿದೆ. ಇವತ್ತಿಗೂ ಹೇಳುತ್ತೇನೆ, ಅದಕ್ಕಿಂತ ಚೆನ್ನಾಗಿ ನಾನು ಯಾವ ವೇದಿಕೆಯ ಮೇಲೂ ಮಾತಾಡಿಲ್ಲ. ಎಲ್ಲರನ್ನೂ ಸೇರಿಸುವುದೊಂದೇ ದಾರಿ ಅನ್ನುವ ಕಡೆಗೆ ವಾದವನ್ನು ತಂದು ನಿಲ್ಲಿಸಿ ಕುಳಿತೆ. ಶ್ರೀನಿವಾಸಪುರದ ಮಾವಿನ ಮಂಡಿಯ ಯಜಮಾನರೊಬ್ಬರು ಮಂಡಳಿಯಲ್ಲಿದ್ದರು. ಅವರು ತಲೆದೂಗಿದರು.

"ಹುಡುಗಿ ಹೇಳೋದು ನ್ಯಾಯ ಕಣ್ರೀ. ಇದು ಪಂಕ್ತಿಭೇದ. ಒಂದೇ ಪಂಕ್ತಿನಾಗೆ ಕೂರ್ಸಿ ಒಬ್ರಿಗೆ ತುಪ್ಪ, ಒಬ್ರಿಗೆ ಬರೀ ಅನ್ನ. ಹಾಕಿದ್ರೆ ಎಲ್ರಿಗೂ ಹಾಕ್ಬೇಕು. ಇಲ್ಲಾಂದ್ರೆ ಯಾರ್ಗೂ ಹಾಕ್ಬಾರ್ದು."

"ಎಲ್ಲರಿಗೂ ಹಾಕೋಕೆ ಈಗ ಆಗಲ್ಲ," ಅಂದರು ಕಾರ್ಯದರ್ಶಿಗಳು.

"ಹಂಗಾದ್ರೆ ಆಗೋವರ್ಗೂ ಯಾರ್ಗೂ ಬ್ಯಾಡ. ನಿರ್ಣಯ ಬರ್ಕೋಮ್ಮಾ."

ನಾನೇ ಬರೆದುಕೊಂಡೆ. 'ತಾರತಮ್ಯ ನಿವಾರಣೆಯ ದೃಷ್ಟಿಯಿಂದ, ಸಮಗ್ರ ನಿಯಮಾವಳಿ ರೂಪುಗೊಳ್ಳುವವರೆಗೆ ಸೇವಾಕರ್ತೆಯರ ಹೊಸ ಸೇರ್ಪಡೆಯನ್ನು ಸ್ಥಗಿತಗೊಳಿಸಲಾಗಿದೆ.' ಅಕ್ಷರ ದುಂಡಗಿತ್ತು.

ಕಚೇರಿಗೆ ಬಂದು ಸ್ಕೇಲನ್ನು ಅವರ ಮೇಜಿನ ಮೇಲಿಟ್ಟೆ. ನಡಾವಳಿ ಓದಿದರು. ಬೈಯಲಿಲ್ಲ. ಬೈದಿದ್ದರೆ ನನಗೆ ಒಂದು ದಾರಿ ಇರುತ್ತಿತ್ತು.

"ಗೆದ್ರಿ ಲಾಯರಮ್ಮ," ಅಂದರು. ಆಮೇಲೆ ಡ್ರಾಯರಿನ ತಳಕ್ಕೆ ಹಾಸಿದ್ದ ಕಾಗದದ ಕೆಳಗಿನಿಂದ ಉದ್ದನೆಯ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟರು.

ಅದರಲ್ಲಿ ಆಯಮ್ಮಂದಿರೆಲ್ಲರ ಹೆಸರು ಇತ್ತು. ಸೇರಿದವರ ಮೇಲೆ ಗೀಟು. ಗೀಟಿಲ್ಲದವು ಹನ್ನೊಂದು. ಒಂದೊಂದರ ಮುಂದೆಯೂ ಸಣ್ಣ ಅಕ್ಷರದಲ್ಲಿ ಎರಡು ಮೂರು ಸಾಲು. ಹುಟ್ಟಿದ ದಿನದ ಕಾಗದ ಯಾರಲ್ಲೂ ಇರಲಿಲ್ಲ. ಅಡುಗೆಮನೆಯ ಹೊಸ್ತಿಲುಗಳಲ್ಲಿ ಕುಳಿತು ಅವರು ಕೇಳಿ ಬರೆದುಕೊಂಡಿದ್ದರು: 'ಕೆರೆ ಕೋಡಿ ಬಿದ್ದ ವರ್ಷ ಮದುವೆ, ಆಗ ಹದಿನಾರು ತುಂಬಿತ್ತು.' 'ಹಿರೀಮಗನ ಶಾಲೆ ಸರ್ಟಿಫಿಕೇಟಿಗೆ ಹತ್ತೊಂಬತ್ತು ಸೇರಿಸುವುದು.' 'ಯುಗಾದಿ ಆದ ಮೂರನೇ ದಿನ ಹುಟ್ಟಿದ್ದು, ತಾಯಿ ಹೇಳಿದ್ದು.' ಹೀಗೆ ಒಬ್ಬೊಬ್ಬರ ವಯಸ್ಸನ್ನು ಕಟ್ಟಿದ್ದರು. ಕೊನೆಯ ಕಲಮಿನಲ್ಲಿ ಒಂದೊಂದು ಇಸವಿ. ಸರದಿ ಅದು.

"ಪಿಂಚಣಿ ಬರ್ಬೇಕಾದ್ರೆ ಹತ್ತು ವರ್ಷ ಸೇವೆ ಆಗ್ಬೇಕು," ಅಂದರು, ಮಗುವಿಗೆ ಹೇಳುವ ಹಾಗೆ. "ಐವತ್ತೆಂಟಕ್ಕೆ ಬಾಗಿಲು ಮುಚ್ಚುತ್ತೆ. ಅಂದ್ರೆ ನಲವತ್ತೆಂಟಕ್ಕೆ ಒಳಗೆ ಬರ್ಬೇಕು. ಒಂಬತ್ತೂವರೆ ಆದ್ರೆ ಹತ್ತು ಅಂತ ಹಿಡೀತಾರೆ, ಆರು ತಿಂಗಳು ದಾಕ್ಷಿಣ್ಯ. ಯಾರಿಗೆ ಬಾಗಿಲು ಹತ್ರ ಇದೆಯೋ ಅವರು ಮೊದಲು. ಹೋದ ವರ್ಷ ಆ ಇಬ್ಬರಿಗೆ ಹತ್ರ ಇತ್ತು. ಅವರು ಮುಳಬಾಗಿಲಿನವರಾಗಿದ್ದು ನನ್ನ ತಪ್ಪಲ್ಲ."

ಈ ಏಪ್ರಿಲ್‌ನ ಎರಡು ಹೆಸರುಗಳಲ್ಲಿ ಮೊದಲನೆಯದು ಮುನಿವೆಂಕಟಮ್ಮ, ಗೌನಿಪಲ್ಲಿ. ನಲವತ್ತೆಂಟು.

"ಇದನ್ನ ಯಾಕೆ ಯಾರಿಗೂ ಹೇಳ್ಲಿಲ್ಲ?"

"ಹನ್ನೊಂದು ಅಂದ್ರೆ ಹೆದರ್ತಾರೆ. ಎರಡು ಅಂದ್ರೆ ಮರೀತಾರೆ."

"ನನಗಾದ್ರೂ ಹೇಳ್ಬಹುದಿತ್ತು ಸಾರ್. ನಾನು ಕೇಳಿದ್ನಲ್ಲ!"

"ನೀವು ಕೇಳ್ಲಿಲ್ಲಮ್ಮ. ಪಾಟೀಸವಾಲು ಹಾಕಿದ್ರಿ."

ಅಕ್ಟೋಬರ್‌ವರೆಗೆ ಆರು ತಿಂಗಳು ದಾಕ್ಷಿಣ್ಯವಿತ್ತು. ಆ ಆರು ತಿಂಗಳು ನಾನು ಮಂಡಳಿಯ ಸದಸ್ಯರ ಮನೆಗಳಿಗೆ ತಿರುಗಿದೆ. ಮುನಿವೆಂಕಟಮ್ಮ ಒಬ್ಬರನ್ನಾದರೂ ಸೇರಿಸಿ ಅಂತ ಬೇಡಿದೆ. ಎಲ್ಲ ಕಡೆಯೂ ನನಗೆ ನನ್ನದೇ ಭಾಷಣವನ್ನು ವಾಪಸು ಕೊಟ್ಟರು. "ಅಲ್ಲಮ್ಮಾ, ಒಬ್ರಿಗೆ ಮಾತ್ರ ಹಾಕೋದು ಪಂಕ್ತಿಭೇದ ಅಂದೋಳು ನೀನೇ, ಈಗ ಒಬ್ರಿಗೆ ಮಾತ್ರ ಹಾಕಿ ಅಂತೀಯಲ್ಲ?" ಅಂದರು ಮಂಡಿಯ ಯಜಮಾನರು, ತುಂಬ ಪ್ರೀತಿಯಿಂದ, ಮಾವಿನಹಣ್ಣು ಕೊಯ್ದು ಕೊಟ್ಟು. ಅದಕ್ಕೆ ಪ್ರತಿವಾದ ಇದೆ, ನನಗೆ ಗೊತ್ತು. ಹಿಂದೆ ಬಿದ್ದವರನ್ನು ಮೊದಲು ಎತ್ತುವುದು ತಾರತಮ್ಯವಲ್ಲ ಅನ್ನುವುದನ್ನು ಹತ್ತು ನಿಮಿಷದಲ್ಲಿ ಯಾವ ತೀರ್ಪುಗಾರರ ಮುಂದೆಯೂ ಸ್ಥಾಪಿಸಬಲ್ಲೆ. ಆದರೆ ಅವರು ತೀರ್ಪುಗಾರರಾಗಿರಲಿಲ್ಲ. ಅವರಿಗೆ ಒಂದು ನೆಪ ಬೇಕಾಗಿತ್ತು, ಅದನ್ನು ನಾನು ಒದಗಿಸಿದ್ದೆ. ಅಕ್ಟೋಬರ್ ಬಂತು, ಹೋಯಿತು.

ರಾಯರು ಆ ವಿಷಯ ಮತ್ತೆ ಎತ್ತಲಿಲ್ಲ. ಮೊದಲಿನ ಹಾಗೇ ಚಕ್ರಕ್ಕೆ ಗಾಳಿ ಊದಿದರು, "ಹೂಂ, ಹೇಳಿ" ಅಂದರು. ಎರಡು ಏಪ್ರಿಲ್‌ಗಳು ಹೆಸರಿಲ್ಲದೆ ಕಳೆದವು. ಮೂರನೆಯದು ಅವರ ಕೊನೆಯ ಏಪ್ರಿಲ್. ಅವರಿಗೇ ಐವತ್ತೆಂಟು ತುಂಬುತ್ತಿತ್ತು. ವಿವರಪಟ್ಟಿಯ ಕೆಲಸ ಇನ್ನೂ ಯಾರಿಗೂ ಪೂರ್ತಿ ಬರುತ್ತಿರಲಿಲ್ಲ, ನನಗೂ. ಕಾರ್ಯದರ್ಶಿಗಳು ಅಳುಕಿದ್ದರು. ರಾಯರು ಕೊನೆಯ ಹಾಳೆಯ ಮೇಲೆ ಅಂಗೈ ಇಟ್ಟು ನಿಂತರು.

"ಎರಡು ಹೆಸರು, ಸಾರ್."

"ಅದೇನೋ ನಿರ್ಣಯ ಇತ್ತಲ್ರೀ?"

"ಇತ್ತೇನೋ ಸಾರ್. ನೆನಪಿಲ್ಲ."

ಕಾರ್ಯದರ್ಶಿಗಳಿಗೂ ಸರಿಯಾಗಿ ನೆನಪಿರಲಿಲ್ಲ. "ಹಾಳಾಗ್ಲಿ, ತನ್ನಿ."

ನಾನು ಆ ಎರಡು ನೇಮಕದ ಪತ್ರಗಳನ್ನು ಕಿತ್ತುಕೊಂಡು ನೋಡಿದೆ. ಮುನಿವೆಂಕಟಮ್ಮನವರ ಹೆಸರಿರಲಿಲ್ಲ.

"ಅವರನ್ನ ಬಿಟ್ರಾ?"

"ಬಿಟ್ಟೆ."

"ಸಾರ್!"

"ಈಗ ಸೇರಿಸಿದ್ರೆ ಐವತ್ತೆಂಟಕ್ಕೆ ಎಂಟು ವರ್ಷ ಆಗುತ್ತೆ. ಪಿಂಚಣಿ ಬರಲ್ಲ. ಆ ಜಾಗದಲ್ಲಿ ಹತ್ತು ತುಂಬೋರು ಇಬ್ಬರಿದ್ದಾರೆ. ಬರೋರಿಗೆ ಬರ್ಲಿ."

"ವಯಸ್ಸು ಎರಡು ವರ್ಷ ಕಮ್ಮಿ ಬರೀರಿ. ಯಾರು ಕೇಳ್ತಾರೆ? ಕಾಗದನೇ ಇಲ್ಲವಲ್ಲ!"

ಅವರು ಪತ್ರಗಳನ್ನು ನನ್ನ ಕೈಯಿಂದ ತೆಗೆದುಕೊಂಡರು. "ಕಾಗದ ಇಲ್ದೋರು ಬಾಯಲ್ಲಿ ಹೇಳಿದ್ದನ್ನ ನಾನು ಬರ್ಕೊಂಡಿದ್ದೀನಿ. ಒಬ್ಬರದು ತಿದ್ದಿದ್ರೆ ಮಿಕ್ಕವರ ಮಾತನ್ನೂ ಯಾರೂ ನಂಬಲ್ಲ, ಲಾಯರಮ್ಮ."

ಬಿಳಿ ಇಂಕು ಬೇಡ ಅಂದ ಮನುಷ್ಯ. ನಾನು ಅವರನ್ನು ಆ ಕ್ಷಣ ದ್ವೇಷಿಸಿದೆ. ಅವರ ಲೆಕ್ಕ ಸರಿಯಾಗಿದ್ದದ್ದಕ್ಕೇ ದ್ವೇಷಿಸಿದೆ.

ಬೀಳ್ಕೊಡುಗೆಯ ದಿನ ನನ್ನನ್ನು ಮಾತಾಡಲು ಕರೆದರು. 'ಸೇವಾನಿಷ್ಠೆ', 'ಸಮಯಪ್ರಜ್ಞೆ' ಅಂತ ಏನೇನು ಹೇಳಿದೆನೋ ನನಗೇ ನೆನಪಿಲ್ಲ. ಅವರು ಹೋಗುವಾಗ ಚಕ್ರದ ಗಾಳಿ ಬಿಟ್ಟು, ಮಡಿಚಿ, ಚೀಲಕ್ಕೆ ಹಾಕಿಕೊಂಡರು. ಉದ್ದನೆಯ ಹಾಳೆಯನ್ನೂ ಸ್ಕೇಲನ್ನೂ ನನ್ನ ಕಡೆಗೆ ಸರಿಸಿದರು. "ಎರಡಕ್ಕಿಂತ ಜಾಸ್ತಿ ಕೇಳ್ಬೇಡಿ," ಅಂದರು.

ಆ ಕುರ್ಚಿಯಲ್ಲಿ ಈಗ ನಾನು ಕೂರುತ್ತೇನೆ. ಕಾನೂನಿನ ಪ್ರಕಾರ ಎಲ್ಲರೂ ಪಟ್ಟಿಯಲ್ಲಿರಬೇಕು ಅನ್ನುವ ನನ್ನ ವಾದ ಇಂದಿಗೂ ಸರಿ. ಪ್ರತಿ ಏಪ್ರಿಲ್‌ನಲ್ಲೂ ಕೊನೆಯ ಹಾಳೆಯ ಮೇಲೆ ಅಂಗೈ ಇಟ್ಟು "ಎರಡು ಹೆಸರು, ಸಾರ್" ಅನ್ನುತ್ತೇನೆ. ಹಳಬರು ಮುಗಿಯುವಷ್ಟರಲ್ಲಿ ಹೊಸ ಆಯಮ್ಮಂದಿರು ಸೇರುತ್ತಾರೆ. ಹಾಳೆಗೆ ಅಂಟಿಸಿದ ಹಾಳೆಯೇ ಮೂರು. ಹೆಬ್ಬೆಟ್ಟಿನ ಪ್ಯಾಡು ನನ್ನ ಮೇಜಿನ ಮೇಲಿದೆ.

ರಾಯರು ಮುಳಬಾಗಿಲಿನಲ್ಲಿ ತೀರಿಕೊಂಡದ್ದು ಈ ವರ್ಷ, ಎರಡು ಸಾವಿರದ ಒಂಬತ್ತರ ಮಾರ್ಚಿನಲ್ಲಿ. ಏಪ್ರಿಲ್‌ನಲ್ಲಿ ಮುನಿವೆಂಕಟಮ್ಮನವರಿಗೆ ಐವತ್ತೆಂಟು. ಸಂಸ್ಥೆಯ ಪರವಾಗಿ ಒಂದು ಸೀರೆ, ಒಂದು ಶಾಲು ತೆಗೆದುಕೊಂಡು ಗೌನಿಪಲ್ಲಿಗೆ ನಾನೇ ಹೋದೆ. ಬೇರೆಯವರನ್ನು ಕಳಿಸಬಹುದಿತ್ತು.

ಅಡುಗೆಮನೆಯಲ್ಲಿ ಸಾರು ಕುದಿಯುತ್ತಿತ್ತು. ಸೀರೆಯನ್ನು ತಿರುವಿ ನೋಡಿ, ಅಂಚು ಚೆನ್ನಾಗಿದೆ ಅಂದು, ಪಕ್ಕಕ್ಕಿಟ್ಟರು.

"ರಾಯರು ಹೋಗ್ಬುಟ್ರಂತಲ್ಲ ಮೇಡಮ್ಮಾ."

"ಹೂಂ ಅಕ್ಕಾ. ಹೋದ ತಿಂಗಳು."

"ಇಲ್ಲಿಗೆ ಬಂದಿದ್ರು. ರಿಟೈರ್ ಆಗೋ ಮುಂಚೆ. ಅದೇ ಹೊಸ್ತಿಲ ಮೇಲೆ, ಆ ಚಕ್ರ ಹಾಕ್ಕೊಂಡು ಕೂತಿದ್ರು." ಸೌಟು ಹಿಡಿದೇ ನಕ್ಕರು.

ಅವರು ಬಂದಿದ್ದರು ಅಂತ ನನಗೆ ಗೊತ್ತಿರಲಿಲ್ಲ. "ಯಾಕೆ ಬಂದಿದ್ರು?"

"ನನ್ನ ಹೆಸರು ಇನ್ನು ಬರಲ್ಲ ಅಂತ ಹೇಳಾಕೆ. 'ಮುನಿವೆಂಕಟಮ್ಮ, ನನ್ನಿಂದ ತಪ್ಪಾಯ್ತು, ನಿಮ್ಮ ವಯಸ್ಸಿನ ಲೆಕ್ಕ ಹಾಕೋದ್ರಲ್ಲಿ ಎರಡು ವರ್ಷ ತಪ್ಪಿಬಿಟ್ಟೆ, ಬೈಯೋದಿದ್ರೆ ನನ್ನ ಬೈಯಿರಿ' ಅಂದ್ರು. ನಾನೇನು ಬೈಲಿ? ಸಾರನ್ನ ಹಾಕ್ದೆ. ಉಂಡು ಹೋದ್ರು."

ಸಂತಾಪ ಸಭೆಯಲ್ಲಿ ಮಾತಾಡಿದ ಐದೂ ಜನ ಒಟ್ಟಿಗೆ ನನ್ನ ಕಡೆ ತಿರುಗಿದ ಹಾಗಾಯಿತು. ಪೀಠಿಕೆ ಹಾಕಲು ಬಾಯಿ ತೆರೆದೆ, ಪೀಠಿಕೆ ಬರಲಿಲ್ಲ.

"ಅವರು ಲೆಕ್ಕ ತಪ್ಪಲಿಲ್ಲ ಅಕ್ಕಾ. ನಿಮ್ಮ ಹೆಸರು ಆ ವರ್ಷ ಬರೋದಿತ್ತು. ನಾನು ಮೀಟಿಂಗ್‌ನಲ್ಲಿ ಎದ್ದು ಮಾತಾಡಿ ನಿಲ್ಲಿಸಿಬಿಟ್ಟೆ."

ಅವರು ಸೌಟಿನಿಂದ ಸಾರು ತೆಗೆದು, ಅಂಗೈಗೆ ಎರಡು ಹನಿ ಹಾಕಿಕೊಂಡು ಉಪ್ಪು ನೋಡಿದರು.

"ತೆಲುಸಮ್ಮಾ, ಗೊತ್ತು," ಅಂದರು. "ರಾಯರು ಲೆಕ್ಕ ತಪ್ತಾರಾ? ಯಾರ ಹೆಸರನ್ನೋ ಮುಚ್ತಾ ಅವ್ರೆ ಅಂತ ಅವತ್ತೇ ಅನ್ಕೊಂಡೆ. ಯಾರದು ಅಂತ ಗೊತ್ತಿರ್ಲಿಲ್ಲ, ಅಷ್ಟೇ."

ನಾನು ಹೊಸ್ತಿಲ ಮೇಲೆ ಕುಳಿತೆ. ಅವರು ತಟ್ಟೆ ತಂದು ಮುಂದಿಟ್ಟು ಸಾರನ್ನ ಬಡಿಸಿದರು. ಮೊದಲಿನ ಹಾಗೇ ಎದುರಿಗೆ ನಿಂತರು.

"ಈ ಸಲ ಯಾರ್ಯಾರ ಹೆಸರು?"

"ಯಲ್ದೂರಿನ ಜೈತೂನ್‌ಬಿ, ವಕ್ಕಲೇರಿಯ ಗೌರಮ್ಮ."

"ಜೈತೂನ್‌ಬಿಗೆ ಹತ್ತು ತುಂಬ್ತದಾ?"

"ತುಂಬುತ್ತೆ. ನಾಲ್ಕು ತಿಂಗಳು ಮಿಗುತ್ತೆ."

"ಸೈನ್ ಆಯ್ತಾ?"

"ಇನ್ನೂ ಇಲ್ಲ."

"ಹಂಗಾದ್ರೆ ಬೇಗ ಉಂಡು ಹೊರಡಮ್ಮಾ," ಅಂದರು ಮುನಿವೆಂಕಟಮ್ಮ. "ನಾಲ್ಕು ಗಂಟೆ ಬಸ್ಸು ತಪ್ಪಿದ್ರೆ ಮತ್ತೆ ನಾಳೆನೇ."